ಮೂಳೆ ಪರೀಕ್ಷೆಯ ವರದಿಯಲ್ಲಿನ ಋಣ ಅಂಕೆ

ಮೂಳೆಯ ಸಾಂದ್ರತೆಯನ್ನು ಅಳೆಯುವ ಡೆಕ್ಸಾ ಪರೀಕ್ಷೆಯ ವರದಿಯಲ್ಲಿ ‘ಟಿ ಸ್ಕೋರ್ −2.6, ಝಡ್ ಸ್ಕೋರ್ −1.0’ ಎಂಬಂಥ ಅಂಕೆಗಳಿರುತ್ತವೆ. ಮೂಳೆಯ ಶೇಕಡಾ 2.6 ಭಾಗ ಮಾತ್ರ ಸವೆದಿದೆಯೆಂದು ತಿಳಿದು ನಿಶ್ಚಿಂತರಾಗುವವರುಂಟು. ಋಣಚಿಹ್ನೆಯನ್ನು ಕಂಡೊಡನೆ ಕಂಗೆಡುವವರೂ ಉಂಟು. ಎರಡೂ ಸಲ್ಲದು. ವಿದ್ಯಾರ್ಥಿಗಳು ಸಂಖ್ಯಾಶಾಸ್ತ್ರದಲ್ಲಿ ಕಲಿಯುವ ಪ್ರಸಾಮಾನ್ಯ ವಿತರಣೆ ಮತ್ತು ಮಾನಕ ಅಂಕಗಳೇ ಈ ಅಂಕೆಗಳ ಮೂಲ. ಆದುದರಿಂದ ಈ ಪಾಠವನ್ನು ಮನೆಯ ಹಿರಿಯರೂ ಮಕ್ಕಳೂ ಕೂಡಿ ಓದಲೆಂದು ಬಯಸುತ್ತೇವೆ.

ಆರೋಗ್ಯವಂತರಾದ ಸಾವಿರ ತರುಣಿಯರ ಮೂಳೆ ಸಾಂದ್ರತೆಯನ್ನು ಅಳೆದು ನಕ್ಷೆ ಬರೆದೆವೆನ್ನೋಣ. ಬಹುಮಂದಿಯ ಅಳತೆ ಸರಾಸರಿಯ ಸುತ್ತ ಕೂಡಿಕೊಳ್ಳುತ್ತದೆ. ಎರಡೂ ಕಡೆಗೆ ಸರಿದಂತೆ ಜನ ವಿರಳವಾಗುತ್ತಾರೆ. ಗಂಟೆಯನ್ನು ಕವುಚಿಟ್ಟಂತೆ ಕಾಣುವ ಈ ವಕ್ರರೇಖೆಯೇ ಪ್ರಸಾಮಾನ್ಯ ವಿತರಣೆ. ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದನ್ನು ತಿಳಿಸುವ ಮೊತ್ತಕ್ಕೆ ಮಾನಕ ವಿಚಲನೆಯೆಂದು ಹೆಸರು. ಸರಾಸರಿಯ ಆಚೀಚೆ ಒಂದು ಮಾನಕ ವಿಚಲನೆಯೊಳಗೆ ಶೇ. 68 ಮಂದಿ, ಎರಡರೊಳಗೆ ಶೇ. 95 ಮಂದಿ, ಮೂರರೊಳಗೆ ಶೇ. 99.7 ಮಂದಿ ಇರುತ್ತಾರೆ. ಸರಾಸರಿಗಿಂತ ಎರಡೂವರೆ ಮಾನಕ ವಿಚಲನೆ ಕೆಳಗಿರುವ ತರುಣಿಯರು ಸಾವಿರಕ್ಕೆ ಆರು ಮಂದಿ ಮಾತ್ರ.

ಮಾನಕ ಅಂಕದ ಲೆಕ್ಕ ಸುಲಭ: ನಮ್ಮ ಅಳತೆಯಿಂದ ಸರಾಸರಿಯನ್ನು ಕಳೆದು, ಬಂದುದನ್ನು ಮಾನಕ ವಿಚಲನೆಯಿಂದ ಭಾಗಿಸಬೇಕು. ತೊಡೆಮೂಳೆಯ ಕುತ್ತಿಗೆಯ ಭಾಗಕ್ಕೆ ವೈದ್ಯರು ಬಳಸುವ ಒಂದು ಆಧಾರ ಸರಾಸರಿ ಚದರ ಸೆಂಟಿಮೀಟರಿಗೆ 0.858 ಗ್ರಾಂ, ಮಾನಕ ವಿಚಲನೆ 0.120. ಎಪ್ಪತ್ತು ವರ್ಷದ ತಾಯಿಯೊಬ್ಬರ ಅಳತೆ 0.546 ಎಂದಿಟ್ಟುಕೊಂಡರೆ ಅಂತರ −0.312; ಅದನ್ನು 0.120ರಿಂದ ಭಾಗಿಸಿದರೆ −2.6. ಇದೇ ಟಿ ಸ್ಕೋರ್. ತರುಣಿಯರ ಸರಾಸರಿಗಿಂತ ಆ ತಾಯಿಯ ಸಾಂದ್ರತೆ ಶೇ. 36ರಷ್ಟು ಕಡಿಮೆಯೆಂದಾಯಿತು, ಶೇ. 2.6 ಅಲ್ಲ. (ಈ ಆಧಾರವು ಅಮೆರಿಕದ 20ರಿಂದ 29 ವರ್ಷದ ಬಿಳಿಯ ಸ್ತ್ರೀಯರ ಅಳತೆಯಿಂದ ಬಂದುದು. ಮೂಳೆ ಗಾತ್ರದಲ್ಲಿ ಚಿಕ್ಕದಾದರೆ ಯಂತ್ರವು ತೋರುವ ಅಳತೆಯೂ ಕೊಂಚ ತಗ್ಗುತ್ತದೆಂಬುದನ್ನು ಬಲ್ಲ ವೈದ್ಯರು ಅಂಕೆಯೊಂದನ್ನೇ ನೋಡಿ ತೀರ್ಮಾನಿಸುವುದಿಲ್ಲ.)

ಹಾಗಾದರೆ ಝಡ್ ಸ್ಕೋರ್ −1.0 ಎಂದೇಕೆ ಬಂತು? ಅಲ್ಲಿ ಹೋಲಿಕೆ ತರುಣಿಯರೊಡನೆ ಅಲ್ಲ, ಎಪ್ಪತ್ತರ ಸಮವಯಸ್ಕರೊಡನೆ. ವಯಸ್ಸಾದಂತೆ, ಅದರಲ್ಲೂ ಮುಟ್ಟು ನಿಂತ ಬಳಿಕ, ಎಲ್ಲರ ಮೂಳೆಯೂ ತೆಳುವಾಗುವುದರಿಂದ ಆ ಗುಂಪಿನ ಗಂಟೆಯೇ ಎಡಕ್ಕೆ ಸರಿದಿರುತ್ತದೆ. ಅಳತೆ ಒಂದೇ, ಗುಂಪು ಬೇರೆ, ಅಂಕ ಬದಲಾಯಿತು. ‘ವಯಸ್ಸಿಗೆ ತಕ್ಕಂತಿದೆ’ ಎಂಬ ಮಾತಿನಲ್ಲಿ ನಾವು ಸಮಾಧಾನ ಪಡೆಯುವುದು ಇಲ್ಲಿಯೇ. ಜಾರಿ ಬಿದ್ದಾಗ ಮೂಳೆಯು ಮುರಿಯುವುದೋ ಉಳಿಯುವುದೋ ಎಂಬುದು ಅದರ ಬಲವನ್ನು ಅವಲಂಬಿಸಿದೆ, ನೆರೆಮನೆಯವರ ಮೂಳೆಯನ್ನಲ್ಲ. ಅದಕ್ಕಾಗಿಯೇ ಮುಟ್ಟು ನಿಂತ ಸ್ತ್ರೀಯರಲ್ಲಿಯೂ ಐವತ್ತು ದಾಟಿದ ಪುರುಷರಲ್ಲಿಯೂ ರೋಗನಿರ್ಣಯಕ್ಕೆ ಟಿ ಸ್ಕೋರನ್ನೇ ನೋಡುತ್ತಾರೆ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನೀಡಿದ ವರ್ಗೀಕರಣದಂತೆ −1ರವರೆಗೆ ಸಹಜ, −2.5 ಅಥವಾ ಅದಕ್ಕೂ ಕೆಳಗಾದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ರೋಗ. ನಡುವಿನದು ಸಾಂದ್ರತೆಯ ಇಳಿಕೆ. ಝಡ್ ಸ್ಕೋರ್ ನಿರುಪಯೋಗಿಯಲ್ಲ. ಅದು −2ಕ್ಕಿಂತ ಕೆಳಗಿದ್ದರೆ ವಯಸ್ಸನ್ನುಳಿದು ಬೇರೆ ಕಾರಣವಿರಬಹುದು: ಥೈರಾಯ್ಡ್ ತೊಂದರೆ, ದೀರ್ಘಕಾಲ ಸೇವಿಸಿದ ಸ್ಟೀರಾಯ್ಡ್ ಇತ್ಯಾದಿ.

ಉಚಿತ ಶಿಬಿರಗಳಲ್ಲಿ ಹಿಮ್ಮಡಿಯನ್ನು ಅಲ್ಟ್ರಾಸೌಂಡ್ ಯಂತ್ರದಲ್ಲಿಟ್ಟು ಕೊಡುವ ಚೀಟಿಯಲ್ಲಿಯೂ ಟಿ ಸ್ಕೋರ್ ಇರುತ್ತದೆ. ಮೇಲೆ ಹೇಳಿದ −2.5ರ ಗೆರೆಯು ಆ ಚೀಟಿಗೆ ಅನ್ವಯಿಸದು. ಅದು ಸೊಂಟ, ಬೆನ್ನುಮೂಳೆಗಳ ಡೆಕ್ಸಾ ಪರೀಕ್ಷೆಗೆ ಸೇರಿದ್ದು. ಚೀಟಿಯನ್ನು ಮುಂದಿನ ಪರೀಕ್ಷೆಗೆ ಸೂಚನೆಯೆಂದು ಭಾವಿಸಿ ವೈದ್ಯರಲ್ಲಿಗೆ ಹೋಗಬೇಕು. ಹಿಂದೆ ಅಲ್ಪ ಪೆಟ್ಟಿಗೇ ಮೂಳೆ ಮುರಿದಿದ್ದರೆ ಅದನ್ನು ಮೊದಲು ತಿಳಿಸಬೇಕು. −2ರ ಅಂಕವಿದ್ದರೂ ಆಗ ಚಿಕಿತ್ಸೆ ಬೇಕಾಗಬಹುದು. ಎರಡನೆಯ ಸಲ ಡೆಕ್ಸಾ ಮಾಡಿಸುವಾಗ ಸಾಧ್ಯವಾದಷ್ಟೂ ಮೊದಲಿನ ಯಂತ್ರದಲ್ಲಿಯೇ ಮಾಡಿಸುವುದು ಒಳಿತು. ಬೇರೆ ಬೇರೆ ಕಂಪನಿಗಳ ಯಂತ್ರಗಳ ಅಳತೆಗಳು ಪರಸ್ಪರ ಹೊಂದುವುದಿಲ್ಲ.