ಆಂಬ್ಯುಲೆನ್ಸಿನಿಂದ ಆಸ್ಪತ್ರೆಗೆ: ರೋಗಿಯ ವೃತ್ತಾಂತ ತಲುಪುವ ಬಗೆ

ತುರ್ತುಚಿಕಿತ್ಸೆಯು ಆಸ್ಪತ್ರೆಯ ಬಾಗಿಲಲ್ಲಿ ಆರಂಭವಾಗುತ್ತದೆಂಬುದು ಬಹುಜನರ ಭಾವನೆ. ವಾಸ್ತವವಾಗಿ ಆಂಬ್ಯುಲೆನ್ಸ್ ಮನೆಯ ಮುಂದೆ ನಿಂತಾಗಲೇ ಅದು ಮೊದಲಾಗಿರುತ್ತದೆ. 2005ರಲ್ಲಿ ಹೈದರಾಬಾದಿನಲ್ಲಿ ಪ್ರಾರಂಭವಾದ 108ರ ಸೇವೆ 2008ರಲ್ಲಿ ಕರ್ನಾಟಕಕ್ಕೂ 2014ರಲ್ಲಿ ಮಹಾರಾಷ್ಟ್ರಕ್ಕೂ ಬಂದಿತು. ಈ ವಾಹನಗಳ ಸಿಬ್ಬಂದಿ ರೋಗಿಯನ್ನು ಸಾಗಿಸುವವರಷ್ಟೇ ಅಲ್ಲ. ಅವನ ನಾಡಿ, ರಕ್ತದೊತ್ತಡ, ಉಸಿರಾಟಗಳನ್ನು ಮೊದಲು ಅಳೆಯುವವರೂ ಅವರೇ. ಅವರು ಕಂಡುದು ವೈದ್ಯರಿಗೆ ತಲುಪದೆ ಹೋದರೆ ಆಗುವ ಹಾನಿ ಸಣ್ಣದಲ್ಲ.

ಇನ್ಸುಲಿನ್ ತೆಗೆದುಕೊಳ್ಳುವ ವೃದ್ಧರೊಬ್ಬರು ಮಾತು ತೊದಲಿ, ಒಂದು ಕೈ ಸೋತು ಕುಸಿದರೆನ್ನೋಣ. ನೋಡುವವರಿಗೆ ಅದು ಪಾರ್ಶ್ವವಾಯುವೇ. ಸಿಬ್ಬಂದಿ ಬೆರಳ ತುದಿಯ ರಕ್ತವನ್ನು ಪರೀಕ್ಷಿಸಿ, ಸಕ್ಕರೆ ತೀರ ಇಳಿದಿರುವುದನ್ನು ಕಂಡು ಗ್ಲೂಕೋಸ್ ಕೊಡುತ್ತಾರೆ. ಆಸ್ಪತ್ರೆಯಲ್ಲಿ ಮರಳಿ ಪರೀಕ್ಷಿಸುವ ವೇಳೆಗೆ ಸಕ್ಕರೆ ಸರಿಯಾಗಿರುತ್ತದೆ. ಮೊದಲಿನ ಅಂಕಿಯನ್ನರಿಯದ ವೈದ್ಯರು ಮೆದುಳಿನಲ್ಲಿಯೇ ಕಾರಣವನ್ನು ಹುಡುಕಬಹುದು. ಸಕ್ಕರೆ ಪುನಃ ಇಳಿದೀತೆಂಬ ಎಚ್ಚರವೂ ಅವರಿಗಿರದು. ಆಮ್ಲಜನಕದ ವಿಷಯವೂ ಹೀಗೆಯೇ. ಅದನ್ನು ಕೊಡುವ ಮುನ್ನ ರಕ್ತದಲ್ಲಿ ಅದರ ಪ್ರಮಾಣ ಎಷ್ಟಿತ್ತೆಂಬುದು ಬರೆದಿಲ್ಲವಾದರೆ ಶ್ವಾಸಕೋಶದ ನಿಜಸ್ಥಿತಿ ಮರೆಯಾಗುತ್ತದೆ. ಚಿಕಿತ್ಸೆಯೇ ರೋಗದ ಗುರುತನ್ನು ಅಳಿಸಿಬಿಡುವ ವಿಚಿತ್ರ ಇದು.

ಕಾಲದ ಲೆಕ್ಕ ಇನ್ನೂ ಕಠಿನ. ಮೆದುಳಿನ ರಕ್ತನಾಳದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಗಂಟೆಯನ್ನು ಎಣಿಸುವುದು ರೋಗಿ ಬಿದ್ದುದನ್ನು ಮನೆಯವರು ಕಂಡ ಹೊತ್ತಿನಿಂದಲ್ಲ, ಅವನು ಸ್ವಸ್ಥನಾಗಿದ್ದುದನ್ನು ಕಡೆಯದಾಗಿ ಕಂಡ ಹೊತ್ತಿನಿಂದ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಯನ್ನು ಅವನು ನುಂಗುತ್ತಿದ್ದಾನೆಯೇ ಎಂಬುದೂ ತಿಳಿಯಬೇಕು. ಹಾಗಿದ್ದಲ್ಲಿ ಆ ಔಷಧದಿಂದಲೇ ಮೆದುಳಿನಲ್ಲಿ ರಕ್ತಸ್ರಾವವಾದೀತು.

ಹೃದಯಾಘಾತದಲ್ಲಿ ವಾಹನದೊಳಗೇ ಇ.ಸಿ.ಜಿ. ತೆಗೆದು ಫೋನಿನ ಮೂಲಕ ಮುಂದಾಗಿ ಕಳುಹಿಸಿದರೆ, ರೋಗಿ ತಲುಪುವ ಮೊದಲೇ ಆಂಜಿಯೋಪ್ಲಾಸ್ಟಿಯ ಸಿದ್ಧತೆ ನಡೆಯುತ್ತದೆ. ಎಲ್ಲ ವಾಹನಗಳಲ್ಲಿಯೂ ಈ ಅನುಕೂಲವಿಲ್ಲ.

ಇಷ್ಟೆಲ್ಲ ವಿವರ ಬಹುಪಾಲು ಬಾಯಿಮಾತಿನಲ್ಲಿಯೇ, ಗದ್ದಲದ ನಡುವೆ ಹಸ್ತಾಂತರವಾಗುತ್ತದೆ. ಅದಕ್ಕೆಂದೇ ಗಾಯಾಳುಗಳ ವಿಷಯದಲ್ಲಿ ವೈದ್ಯರು ಒಂದು ಕ್ರಮವನ್ನಿಟ್ಟುಕೊಂಡಿದ್ದಾರೆ: ಅಪಘಾತ ಹೇಗಾಯಿತು, ಎಲ್ಲೆಲ್ಲಿ ಪೆಟ್ಟು, ನಾಡಿ ಮೊದಲಾದ ಲಕ್ಷಣಗಳೇನು, ಈವರೆಗೆ ಕೊಟ್ಟ ಚಿಕಿತ್ಸೆ ಯಾವುದು. ಇದನ್ನು ಹೇಳುವಷ್ಟು ಹೊತ್ತು ಉಳಿದವರು ಕೈಕಟ್ಟಿ ಕೇಳಬೇಕು. ಕಾಗದದ ಪ್ರತಿಯೊಂದು ರೋಗಿಯೊಡನೆ ಉಳಿದರಂತೂ ಮೇಲು.

2021ರಲ್ಲಿ ರಾಷ್ಟ್ರಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನಲ್ಲಿ ಪ್ರತಿಯೊಬ್ಬರಿಗೂ ಹದಿನಾಲ್ಕು ಅಂಕಿಗಳ ಆರೋಗ್ಯಸಂಖ್ಯೆ ಪಡೆಯುವ ಅವಕಾಶವಿದೆ; ರೋಗಿಯ ಸಮ್ಮತಿಯಿಂದ ಹಳೆಯ ದಾಖಲೆಗಳನ್ನು ವೈದ್ಯರು ನೋಡಬಹುದು. ಉದ್ದೇಶ ಸ್ತುತ್ಯವಾದುದೇ. ಪ್ರಜ್ಞೆ ತಪ್ಪಿದವನು ಸಮ್ಮತಿಸುವುದು ಹೇಗೆಂಬ ತೊಡಕು ಮಾತ್ರ ಕೇವಲ ಯಂತ್ರದಿಂದ ಬಗೆಹರಿಯುವಂತಹುದಲ್ಲ.

ಪರಪ್ರಾಂತದಲ್ಲಿರುವ ನಮಗೆ ಭಾಷೆಯ ತೊಡಕೂ ಸೇರಿಕೊಂಡಿದೆ. ಊರಿನಿಂದ ಮಗನ ಮನೆಗೆ ಬಂದ ತಾಯಿಗೆ ಮರಾಠಿಯಾಗಲಿ ತಮಿಳಾಗಲಿ ಬಾರದು. ಮಗ, ಸೊಸೆ ಕಚೇರಿಯಲ್ಲಿ. ಮೊಮ್ಮಗ ಹೇಳಬಲ್ಲುದು "ಅಜ್ಜಿ ಬಿ.ಪಿ. ಗುಳಿಗೆ ತೊಗೋತಾರೆ" ಎಂದಷ್ಟೆ. ಆದಕಾರಣ ಹೆಸರು, ವಯಸ್ಸು, ಕಾಯಿಲೆಗಳು, ಗುಳಿಗೆಗಳ ಹೆಸರು ಮತ್ತು ಪ್ರಮಾಣ, ಒಗ್ಗದ ಔಷಧ, ಮನೆಯವರ ಫೋನ್ ಸಂಖ್ಯೆ ಇವನ್ನು ಒಂದೇ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದು, ಬರೆದ ದಿನಾಂಕವನ್ನೂ ನಮೂದಿಸಿ, ಬಾಗಿಲ ಬಳಿ ತೂಗುಹಾಕಬೇಕು. ಗುಳಿಗೆ ಬದಲಾದಾಗ ಹಾಳೆಯೂ ಬದಲಾಗಬೇಕು. ಹಳೆಯ ಹಾಳೆ ಇಲ್ಲದ ಹಾಳೆಗಿಂತ ಅಪಾಯಕರ. ಅನೇಕ ಮೊಬೈಲುಗಳಲ್ಲಿ ಬೀಗ ತೆರೆಯದೆಯೇ ಕಾಣುವ ತುರ್ತುಮಾಹಿತಿಯ ಸ್ಥಳವಿದೆ, ಅಲ್ಲಿಯೂ ಇವನ್ನು ತುಂಬಬಹುದು. ಟ್ಯಾಕ್ಸಿಯಲ್ಲಿ ಕರೆದೊಯ್ಯಬೇಕಾಗಿ ಬಂದರೆ ವರದಿ ಒಪ್ಪಿಸುವ ಕೆಲಸ ಜೊತೆಯಲ್ಲಿ ಕುಳಿತವರದೇ. ಲಕ್ಷಣ ಕಂಡ ಗಂಟೆಯನ್ನೂ ದಾರಿಯಲ್ಲಿ ಏನಾದರೂ ಗುಳಿಗೆ ಕೊಟ್ಟಿದ್ದರೆ ಅದರ ಹೆಸರನ್ನೂ ಅವರು ಅದೇ ಹಾಳೆಯ ಹಿಂಬದಿಯಲ್ಲಿ ಗುರುತು ಹಾಕಿ ವೈದ್ಯರ ಕೈಗೇ ಕೊಡತಕ್ಕದ್ದು.