ಕ್ಷಣದ ಕಾವಲು

ವ್ಯಾಪಾರವಿರುವಲ್ಲಿ ಲಾಭವೂ ಉಂಟು, ನಷ್ಟವೂ ಉಂಟು. ಮಳೆ ಬರುವುದೆಂದು ನಂಬಿ ಬಿತ್ತುವ ರೈತನಿಂದ ಹಿಡಿದು ಹಡಗಿನಲ್ಲಿ ಸರಕು ತುಂಬಿ ಕಳುಹಿಸುವ ವರ್ತಕನವರೆಗೆ ಎಲ್ಲರೂ ಅಪಾಯವನ್ನು ಬೆನ್ನಿಗೆ ಕಟ್ಟಿಕೊಂಡೇ ಹೊರಡುತ್ತಾರೆ. ಜಾಣನಾದವನು ಅದಕ್ಕೆ ಹೆದರಿ ಕೈಕಟ್ಟಿ ಕುಳಿತುಕೊಳ್ಳುವುದಿಲ್ಲ. ಅದನ್ನು ಅಳೆಯುತ್ತಾನೆ, ಅದಕ್ಕೊಂದು ಎಲ್ಲೆ ಹಾಕುತ್ತಾನೆ. ಎಷ್ಟು ಕಳೆದುಕೊಂಡರೆ ತಾನು ತಡೆದುಕೊಳ್ಳಬಲ್ಲೆನೆಂಬುದನ್ನು ಮೊದಲೇ ಲೆಕ್ಕ ಹಾಕಿರುತ್ತಾನೆ. ಷೇರು ಪೇಟೆಯಲ್ಲಿ ಈ ಕೆಲಸವನ್ನು ವಹಿವಾಟು ನಡೆಯುತ್ತಿರುವ ಕ್ಷಣದಲ್ಲಿಯೇ ಮಾಡಬೇಕಾಗುತ್ತದೆ. ಇದು ಸಾಧ್ಯವೆ? ಸಾಧ್ಯವಾದರೆ ಎಷ್ಟರ ಮಟ್ಟಿಗೆ?

ಒಂದು ಕಂಪನಿಯ ಬಂಡವಾಳವನ್ನು ಸಣ್ಣ ಸಣ್ಣ ಸಮಪಾಲುಗಳಾಗಿ ವಿಂಗಡಿಸಿದಾಗ ಅಂಥ ಒಂದೊಂದು ಪಾಲಿಗೂ ಷೇರು ಎಂದು ಹೆಸರು. ಷೇರುಗಳನ್ನು ಕೊಳ್ಳುವ, ಮಾರುವ ಸ್ಥಳವೇ ಷೇರು ಪೇಟೆ. ಒಬ್ಬನಲ್ಲಿ ಒಂದು ಲಕ್ಷ ರೂಪಾಯಿ ಇದೆ ಎನ್ನೋಣ. ಅದನ್ನು ಅವನು ದಲ್ಲಾಳಿಯ ಬಳಿ ಈಡಾಗಿ ಇರಿಸಿ ಐದು ಲಕ್ಷ ರೂಪಾಯಿಗಳ ವಹಿವಾಟಿಗೆ ಕೈಹಾಕುತ್ತಾನೆ. ಪೇಟೆಯ ಭಾಷೆಯಲ್ಲಿ ಈ ಈಡಿಗೆ ಮಾರ್ಜಿನ್ ಎನ್ನುತ್ತಾರೆ. ಬೆಲೆ ಶೇಕಡ 10ರಷ್ಟು ಏರಿದರೆ ಅವನಿಗೆ 50 ಸಾವಿರ ರೂಪಾಯಿ ಲಾಭ. ಶೇಕಡ 20ರಷ್ಟು ಇಳಿದರೆ ಅವನ ಒಂದು ಲಕ್ಷವೂ ಹೋಯಿತು. ಇನ್ನೂ ಇಳಿದರೆ? ಅವನು ಸಾಲಗಾರನಾಗುತ್ತಾನೆ. ಅವನು ತೆರಲಾರದೆ ಹೋದರೆ ಆ ನಷ್ಟ ದಲ್ಲಾಳಿಯ ಮೇಲೆ ಬೀಳುತ್ತದೆ. ದಲ್ಲಾಳಿಯೂ ಕುಸಿದರೆ ಏನನ್ನೂ ತಪ್ಪು ಮಾಡದ ಇತರರೂ ತೊಂದರೆಗೆ ಸಿಲುಕುತ್ತಾರೆ. ಆದುದರಿಂದ ಒಬ್ಬನ ಸಾಹಸಕ್ಕೆ ಎಲ್ಲೆ ಹಾಕುವುದು ಅವನೊಬ್ಬನ ಹಿತಕ್ಕಾಗಿ ಮಾತ್ರವಲ್ಲ, ಎಲ್ಲರ ರಕ್ಷಣೆಗಾಗಿ.

ಹಿಂದೆ ಈ ಕಾವಲು ಕಾಯಲು ಸಾಕಷ್ಟು ಸಮಯವಿರುತ್ತಿತ್ತು. ಮುಂಬಯಿಯ ಷೇರು ಪೇಟೆ ಸ್ಥಾಪನೆಯಾದುದು 1875ರಲ್ಲಿ. ಅಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲ ದಲ್ಲಾಳಿಗಳು ಎದುರುಬದುರು ನಿಂತು, ಕೂಗಿ, ಕೈಸನ್ನೆ ಮಾಡಿ ವಹಿವಾಟು ನಡೆಸುತ್ತಿದ್ದರು. ಲೆಕ್ಕ ನೋಡುವುದು ವ್ಯಾಪಾರ ಮುಗಿದ ಮೇಲೆ. 1994ರಲ್ಲಿ ರಾಷ್ಟ್ರೀಯ ಷೇರು ಪೇಟೆಯೂ 1995ರಲ್ಲಿ ಮುಂಬಯಿ ಷೇರು ಪೇಟೆಯೂ ಗಣಕಯಂತ್ರದ ಮೂಲಕ ಷೇರು ವಹಿವಾಟನ್ನು ಆರಂಭಿಸಿದವು. ಕೂಗು ನಿಂತಿತು, ವೇಗ ಬೆಳೆಯಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಸಾವಿರಾರು ವ್ಯವಹಾರಗಳು ಮುಗಿದುಹೋಗುವ ಪೇಟೆಯಲ್ಲಿ ಸಂಜೆಯ ಲೆಕ್ಕ ಯಾರನ್ನು ಕಾಪಾಡೀತು? ಕೋಟೆ ಸೂರೆ ಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತಾಗುವುದಿಲ್ಲವೆ?

ಆದರೆ ವೇಗ ಒಂದೇ ಶತ್ರುವಲ್ಲ. ಇದಕ್ಕೆ ಇಂಗ್ಲೆಂಡಿನ ಬೇರಿಂಗ್ಸ್ ಬ್ಯಾಂಕಿನ ಕಥೆಯೇ ಸಾಕ್ಷಿ. 1762ರಲ್ಲಿ ಹುಟ್ಟಿದ ಈ ಬ್ಯಾಂಕು ಇನ್ನೂರಕ್ಕೂ ಹೆಚ್ಚು ವರ್ಷ ಘನತೆಯಿಂದ ಬಾಳಿತ್ತು. ಅದರ ಸಿಂಗಪುರದ ಶಾಖೆಯಲ್ಲಿ ನಿಕ್ ಲೀಸನ್ ಎಂಬ ತರುಣ ಉದ್ಯೋಗಿಯಿದ್ದ. ವಹಿವಾಟು ನಡೆಸುವವನೂ ಅವನೇ, ಅದರ ಲೆಕ್ಕಪತ್ರಗಳ ಮೇಲ್ವಿಚಾರಕನೂ ಅವನೇ. ತನಗಾದ ನಷ್ಟಗಳನ್ನು ಅವನು 88888 ಎಂಬ ಸಂಖ್ಯೆಯ ಖಾತೆಯಲ್ಲಿ ಬಚ್ಚಿಡುತ್ತ ಬಂದನು. ಒಬ್ಬನ ಕೈಯಲ್ಲಿ ಎರಡೂ ಕೆಲಸಗಳಿರುವುದು ಸರಿಯಲ್ಲವೆಂದು 1994ರಲ್ಲಿ ಬ್ಯಾಂಕಿನ ಲೆಕ್ಕಪರಿಶೋಧಕರೇ ಎಚ್ಚರಿಸಿದ್ದರು. ಆ ಮಾತು ಕಾರ್ಯರೂಪಕ್ಕೆ ಬರಲಿಲ್ಲ. ಅವನು ಕೇಳಿದಾಗಲೆಲ್ಲ ಲಂಡನ್ನಿನಿಂದ ಹಣ ಬರುತ್ತಲೇ ಇತ್ತು. 1995ರ ಜನವರಿ 17ರಂದು ಜಪಾನಿನ ಕೋಬೆಯಲ್ಲಿ ಭೂಕಂಪವಾಯಿತು. ಅಲ್ಲಿಯ ಷೇರುಗಳ ಬೆಲೆ ಕುಸಿಯಿತು. ಬೆಲೆ ಏರುವುದೆಂದು ನಂಬಿದ್ದ ಲೀಸನ್, ಹೋದುದನ್ನು ಮರಳಿ ಪಡೆಯುವ ಆಸೆಯಿಂದ ಇನ್ನಷ್ಟು ಹಣ ಹೂಡಿದನು. 1994ರ ಕೊನೆಗೆ ಸುಮಾರು 20 ಕೋಟಿ ಪೌಂಡುಗಳಷ್ಟಿದ್ದ ನಷ್ಟ ಎರಡೇ ತಿಂಗಳಲ್ಲಿ 80 ಕೋಟಿ ಪೌಂಡುಗಳನ್ನು ದಾಟಿತು. ಫೆಬ್ರವರಿ 26ರಂದು ಬ್ಯಾಂಕು ದಿವಾಳಿಯಾಯಿತು. ಕೊನೆಗೆ ಅದು ಒಂದು ಪೌಂಡಿಗೆ ಮಾರಾಟವಾಯಿತು. ಲೀಸನ್ ಸೆರೆಮನೆ ಸೇರಿದನು. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಮೇಲೆ ಬೀಗ ಎಷ್ಟು ಗಟ್ಟಿಯಾಗಿದ್ದರೇನು? ವಹಿವಾಟು ನಡೆಸುವ ಕೈ ಬೇರೆ, ಎಲ್ಲೆ ಕಾಯುವ ಕಣ್ಣು ಬೇರೆ ಆಗಿರಬೇಕೆಂಬುದೇ ಇಲ್ಲಿಯ ಪಾಠ.

ಬೇರಿಂಗ್ಸ್ ಬ್ಯಾಂಕು ಮುಳುಗಲು ತಿಂಗಳುಗಳು ಹಿಡಿದವು. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಸಂಸ್ಥೆಗೆ 45 ನಿಮಿಷಗಳೇ ಸಾಕಾದವು. ಅದರ ಗಣಕಯಂತ್ರಗಳು ಮನುಷ್ಯನ ಕೈಸೋಕದೆ ತಾವೇ ಕೊಳ್ಳುವ, ಮಾರುವ ಆದೇಶಗಳನ್ನು ಪೇಟೆಗೆ ಕಳುಹಿಸುತ್ತಿದ್ದವು. ಹೊಸ ಕಾರ್ಯಕ್ರಮವೊಂದನ್ನು ಎಂಟು ಯಂತ್ರಗಳಿಗೆ ಅಳವಡಿಸಬೇಕಾಗಿತ್ತು. ಏಳಕ್ಕೆ ಅಳವಡಿಸಿ ಒಂದನ್ನು ಮರೆತರು. 2012ರ ಆಗಸ್ಟ್ 1ರ ಬೆಳಗ್ಗೆ ಪೇಟೆ ತೆರೆದೊಡನೆ ಆ ಒಂದು ಯಂತ್ರದಲ್ಲಿ, ಎಂದೋ ಬಳಕೆ ತಪ್ಪಿದ್ದ ಹಳೆಯ ಕಾರ್ಯಕ್ರಮ ಎಚ್ಚತ್ತು ಹುಚ್ಚು ಹಿಡಿದಂತೆ ಆದೇಶಗಳನ್ನು ಕಳುಹಿಸತೊಡಗಿತು. 45 ನಿಮಿಷಗಳಲ್ಲಿ 40 ಲಕ್ಷಕ್ಕೂ ಮಿಕ್ಕ ವ್ಯವಹಾರಗಳು ನಡೆದುಹೋದವು. ನಷ್ಟ 46 ಕೋಟಿ ಡಾಲರುಗಳಿಗೂ ಹೆಚ್ಚು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪೇಟೆ ತೆರೆಯುವುದಕ್ಕೆ ಮೊದಲೇ ಆ ಸಂಸ್ಥೆಯ ಗಣಕವ್ಯವಸ್ಥೆ, ದೋಷವನ್ನು ಸೂಚಿಸುವ 97 ಸಂದೇಶಗಳನ್ನು ಸಿಬ್ಬಂದಿಗೆ ಕಳುಹಿಸಿತ್ತು. ಅವನ್ನು ಎಚ್ಚರಿಕೆಯೆಂದು ಯಾರೂ ಎಣಿಸಲಿಲ್ಲ. ಗಂಟೆ ಬಾರಿಸಿತ್ತು, ಕೇಳುವ ಕಿವಿಯಿರಲಿಲ್ಲ. ಅಪಾಯ ಕಂಡಾಗ ಯಂತ್ರವನ್ನು ನಿಲ್ಲಿಸಬೇಕಾದವರು ಯಾರು, ಯಾವಾಗ ನಿಲ್ಲಿಸಬೇಕು ಎಂಬುದೂ ಮೊದಲೇ ನಿಶ್ಚಯವಾಗಿರಲಿಲ್ಲ. ನಿಲ್ಲಿಸುವ ಉಪಾಯವನ್ನು ಬೆಂಕಿ ಹತ್ತಿದ ಮೇಲೆ ಹುಡುಕಬೇಕಾಯಿತು.

ನಮ್ಮ ದೇಶದಲ್ಲಿಯೂ ಇಂಥ ಘಟನೆ ನಡೆದಿದೆ. 2012ರ ಅಕ್ಟೋಬರ್ 5ರಂದು ರಾಷ್ಟ್ರೀಯ ಷೇರು ಪೇಟೆಗೆ ಒಂದು ದಲ್ಲಾಳಿ ಸಂಸ್ಥೆಯಿಂದ ಸುಮಾರು 650 ಕೋಟಿ ರೂಪಾಯಿಗಳ ಮಾರಾಟದ ಆದೇಶಗಳು ತಪ್ಪಾಗಿ ಬಂದವು. ಪ್ರಮುಖ ಕಂಪನಿಗಳ ಬೆಲೆಗಳ ಸೂಚ್ಯಂಕವಾದ ನಿಫ್ಟಿ ಕ್ಷಣಗಳಲ್ಲಿ ಶೇಕಡ 15ರಷ್ಟು ಕುಸಿಯಿತು. ಶೇಕಡ 10ರ ಕುಸಿತಕ್ಕೇ ವಹಿವಾಟು ನಿಲ್ಲಬೇಕೆಂಬ ನಿಯಮವಿದ್ದರೂ ತಡೆ ಬೀಳುವುದರೊಳಗೆ ಅನಾಹುತ ಮುಗಿದಿತ್ತು. ಪೇಟೆಯ ನಿಯಂತ್ರಕ ಮಂಡಲಿಯಾದ ಸೆಬಿಯು ಅದೇ ವರ್ಷದ ಡಿಸೆಂಬರಿನಲ್ಲಿ ನಿಯಮಗಳನ್ನು ಬಿಗಿಗೊಳಿಸಿತು. ಸಾಮಾನ್ಯ ವಹಿವಾಟಿನಲ್ಲಿ 10 ಕೋಟಿ ರೂಪಾಯಿ ಮೀರಿದ ಒಂದೇ ಆದೇಶವನ್ನು ಪೇಟೆ ಸ್ವೀಕರಿಸಕೂಡದೆಂದು ವಿಧಿಸಿತು. ತಪಾಸಣೆ ವ್ಯವಹಾರದ ಹಿಂದೆ ಓಡುವುದನ್ನು ಬಿಟ್ಟು ಅದರ ಮುಂದೆ ಬಂದು ನಿಂತಿತು. ಆದೇಶ ಒಳಗೆ ಬರುವ ಬಾಗಿಲಲ್ಲಿಯೇ ಬೆಲೆ ಸರಿಯೆ, ಪ್ರಮಾಣ ಸರಿಯೆ, ಈಡು ಸಾಕೆ ಎಂದು ಯಂತ್ರ ನೋಡುತ್ತದೆ. ಸರಿಯಿಲ್ಲದಿದ್ದರೆ ಹಿಂದಕ್ಕೆ ಕಳುಹಿಸುತ್ತದೆ.

ಹಾಗಾದರೆ ಸಮಸ್ಯೆ ಬಗೆಹರಿಯಿತೆ? ಪೂರ್ಣವಾಗಿ ಇಲ್ಲ. ಬಾಗಿಲ ಬಳಿ ನಡೆಯುವ ಪ್ರತಿಯೊಂದು ತಪಾಸಣೆಗೂ ಸ್ವಲ್ಪ ಕಾಲ ಬೇಕು. ವೇಗವನ್ನೇ ನೆಚ್ಚಿದ ವ್ಯಾಪಾರಿಗೆ ಅದು ಹೊರೆ. ಎಲ್ಲೆ ತೀರ ಕಿರಿದಾದರೆ ನ್ಯಾಯವಾದ ವ್ಯಾಪಾರಕ್ಕೂ ಅಡ್ಡಿ; ತೀರ ಹಿರಿದಾದರೆ ಎಲ್ಲೆಯಿದ್ದೂ ಇಲ್ಲದಂತೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಎಲ್ಲರೂ ಮಾರಲು ನಿಂತಾಗ ಕೊಳ್ಳುವವರೇ ಇರುವುದಿಲ್ಲ. ಬೆಲೆ ನೂರಕ್ಕೆ ಇಳಿದರೆ ಮಾರಿಬಿಡು ಎಂದು ಯಂತ್ರಕ್ಕೆ ಹೇಳಿಟ್ಟವನಿಗೆ ಎಂಬತ್ತೇ ಸಿಕ್ಕಬಹುದು. ಎಚ್ಚರ ನಷ್ಟವನ್ನು ಕಡಿಮೆ ಮಾಡೀತು, ಇಲ್ಲವಾಗಿಸದು.

ಇಡೀ ಪೇಟೆಗೇ ಇಂಥ ಗಾಬರಿ ಹಿಡಿದಾಗ ವಹಿವಾಟನ್ನು ಕೆಲಕಾಲ ನಿಲ್ಲಿಸುವ ಏರ್ಪಾಡಿಗೆ ಸರ್ಕ್ಯೂಟ್ ಬ್ರೇಕರ್ ಎಂದು ಹೆಸರು. ಮನೆಯ ವಿದ್ಯುತ್ತಂತಿಯಲ್ಲಿ ಪ್ರವಾಹ ಮಿತಿಮೀರಿದಾಗ ಫ್ಯೂಸ್ ಹೋಗುವಂತೆಯೇ ಇದು. ನಮ್ಮಲ್ಲಿ ಸೂಚ್ಯಂಕವನ್ನು ಆಧರಿಸಿದ ಈ ತಡೆ 2001ರ ಜುಲೈಯಲ್ಲಿ ಜಾರಿಗೆ ಬಂದಿತು. ಕೊರೋನಾ ರೋಗ ಜಗತ್ತನ್ನು ನಡುಗಿಸಿದ 2020ರ ಮಾರ್ಚ್ ತಿಂಗಳಲ್ಲಿ ಎರಡು ದಿನ ಪೇಟೆ ಶೇಕಡ 10ರಷ್ಟು ಕುಸಿದು 45 ನಿಮಿಷ ನಿಂತಿತು. 13ರಂದು ಮತ್ತೆ ತೆರೆದಾಗ ಮೇಲೆದ್ದು ಏರಿಕೆಯಲ್ಲಿ ಮುಗಿಯಿತು. 23ರಂದು ಇನ್ನೂ ಇಳಿದು ಶೇಕಡ 13ರಷ್ಟು ಕುಸಿತದಲ್ಲಿ ಮುಗಿಯಿತು. ತಡೆ ಬೆಲೆಯನ್ನು ನಿರ್ಧರಿಸುವುದಿಲ್ಲ. ಮನುಷ್ಯನಿಗೆ ಯೋಚಿಸಲು ಸಮಯ ಕೊಡುತ್ತದೆ, ಅಷ್ಟೆ.

ಇವೆಲ್ಲವನ್ನೂ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಕ್ಷಣದಲ್ಲಿ ಕಾಯುವ ಕಾವಲು ಕ್ಷಣದಲ್ಲಿ ಹುಟ್ಟುವುದಲ್ಲ. ಎಲ್ಲೆ ಎಷ್ಟು, ಅದನ್ನು ಕಾಯುವವರು ಯಾರು, ಅದು ಮೀರಿದಾಗ ಏನು ಮಾಡಬೇಕು ಎಂಬುದನ್ನು ಮನಸ್ಸು ಶಾಂತವಾಗಿರುವಾಗಲೇ ನಿಶ್ಚಯಿಸಿರಬೇಕು. ಹಾಗೆ ನಿಶ್ಚಯಿಸಿದ್ದನ್ನು ಯಂತ್ರ ಕ್ಷಣಾರ್ಧದಲ್ಲಿ ನಡೆಸೀತು. ನಿಶ್ಚಯಿಸದೆ ಬಿಟ್ಟದ್ದನ್ನು ಎಂಥ ವೇಗದ ಯಂತ್ರವೂ ನಡೆಸಿಕೊಡಲಾರದು.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ಮಾರ್ಜಿನ್ ಎಂದರೇನು?
2. ಲೀಸನ್ ತನ್ನ ನಷ್ಟಗಳನ್ನು ಎಲ್ಲಿ ಬಚ್ಚಿಟ್ಟನು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಬೇರಿಂಗ್ಸ್ ಬ್ಯಾಂಕಿನ ಪತನಕ್ಕೂ ನೈಟ್ ಕ್ಯಾಪಿಟಲ್ ಸಂಸ್ಥೆಯ ನಷ್ಟಕ್ಕೂ ಇರುವ ಹೋಲಿಕೆ, ವ್ಯತ್ಯಾಸಗಳೇನು?
2. ‘ಗಂಟೆ ಬಾರಿಸಿತ್ತು, ಕೇಳುವ ಕಿವಿಯಿರಲಿಲ್ಲ’ – ಈ ಮಾತನ್ನು ಸಂದರ್ಭಸಹಿತ ವಿವರಿಸಿರಿ.

ಇ. ಲೆಕ್ಕ ಮಾಡಿರಿ: 2 ಲಕ್ಷ ರೂಪಾಯಿ ಈಡಿಟ್ಟು 8 ಲಕ್ಷ ರೂಪಾಯಿಗಳ ಷೇರು ಕೊಂಡವನ ಈಡು, ಬೆಲೆ ಶೇಕಡ ಎಷ್ಟು ಇಳಿದಾಗ ಪೂರ್ತಿ ಕರಗುತ್ತದೆ?