ಕಡತಕ್ಕೊಂದು ಕಿರ್ದಿ

ಕಚೇರಿಯ ಕಾಗದಪತ್ರಗಳ ಕಟ್ಟಿಗೂ ಗಣಕಯಂತ್ರದೊಳಗಿನ ಬರಹಕ್ಕೂ ಇಂದು ಸಮಾನವಾಗಿ ಸಲ್ಲುವ ‘ಕಡತ’ ಎಂಬ ಶಬ್ದವು ಹಳೆಯದು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಲೇಪಿಸಿ, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಚಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕಕ್ಕೆ ಆ ಹೆಸರು. ಶಾನುಭೋಗರೂ ವರ್ತಕರೂ ಅದನ್ನು ಬಳಸುತ್ತಿದ್ದರು. ಒರಸಿ ಮತ್ತೆ ಬರೆಯಬಹುದೆಂಬುದು ಅದರ ಗುಣವೂ ಹೌದು, ಅಪಾಯವೂ ಹೌದು. ಗಣಕದ ಡಿಸ್ಕಿನ ಸ್ವಭಾವವೂ ಇದೇ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಶಾಲೆಯೊಂದರ ದಾಖಲಾತಿ ಪುಸ್ತಕವು ಸಾಮಾನ್ಯ ವಸ್ತುವಲ್ಲ. ಅಲ್ಲಿ ಬರೆದ ಜನ್ಮದಿನಾಂಕವು ವಿದ್ಯಾರ್ಥಿಯನ್ನು ನೌಕರಿಯವರೆಗೂ ನಿವೃತ್ತಿವೇತನದವರೆಗೂ ಹಿಂಬಾಲಿಸುತ್ತದೆ. ಅಂಥ ಬರಹವು ಗಣಕಕ್ಕೆ ಏರಿದಾಗ, ಬರೆಯುತ್ತಿರುವಂತೆಯೇ ವಿದ್ಯುತ್ತು ನಿಂತರೆ ಏನಾಗುತ್ತದೆಂಬುದನ್ನು ಅಧ್ಯಾಪಕರು ತಿಳಿದಿರಬೇಕು.

ಒಂದು ಕಡತವನ್ನು ತಿದ್ದಿದರೆ ಡಿಸ್ಕಿನ ಹಲವು ಸ್ಥಳಗಳು ಬದಲಾಗುತ್ತವೆ: ಬರಹ, ಅದರ ಉದ್ದ, ಹೆಸರುಗಳ ಪಟ್ಟಿ, ಖಾಲಿ ಜಾಗದ ಲೆಕ್ಕ. ಅರ್ಧ ಬರೆದು ಯಂತ್ರ ನಿಂತರೆ ಒಂದು ಪಟ್ಟಿ ಇದೆಯೆನ್ನುತ್ತದೆ, ಇನ್ನೊಂದು ಇಲ್ಲವೆನ್ನುತ್ತದೆ. ಹಿಂದೆ ಈ ವಿರೋಧವನ್ನು ಪರಿಹರಿಸಲು ಇಡೀ ಡಿಸ್ಕನ್ನು ಆದ್ಯಂತ ಶೋಧಿಸಬೇಕಾಗಿತ್ತು.

ಇದಕ್ಕೆ ಕಂಡುಕೊಂಡ ಉಪಾಯವು ಕೊಟ್ಟೂರಿನ ಶೇಂಗಾ ವರ್ತಕರಿಗೆ ಹೊಸದಲ್ಲ. ದಿನದ ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು, ಆಮೇಲೆ ಅವರವರ ಖಾತೆಗೆ ಏರಿಸುವುದು ಲೆಕ್ಕದ ಪದ್ಧತಿ. ಏರಿಸುವಾಗ ಅಡ್ಡಿಯಾದರೆ ಕಿರ್ದಿಯ ಕಡೆಯ ಸಾಲುಗಳನ್ನು ನೋಡಿ ಮುಗಿಸಿದರಾಯಿತು. ಇಂಗ್ಲಿಷರು ‘ಜರ್ನಲ್’ ಎನ್ನುವುದೂ ಲೆಕ್ಕಶಾಸ್ತ್ರದಲ್ಲಿ ಇದನ್ನೇ. ಗಣಕವೂ ಮಾಡಲಿರುವ ಬದಲಾವಣೆಯನ್ನು ಮೊದಲು ಮೀಸಲು ಜಾಗದಲ್ಲಿ ಬರೆದು ಮುಕ್ತಾಯದ ಗುರುತು ಹಾಕುತ್ತದೆ. ಬಳಿಕ ಸ್ವಸ್ಥಾನಕ್ಕೆ ಏರಿಸುತ್ತದೆ. ಪುನಃ ಚಾಲನೆಯಾದಾಗ ಗುರುತುಳ್ಳ ನಮೂದುಗಳನ್ನು ಪೂರ್ತಿಗೊಳಿಸಿ, ಉಳಿದವನ್ನು ಬಿಟ್ಟುಬಿಡುತ್ತದೆ. ವಿಂಡೋಸಿನ ಎನ್‌ಟಿಎಫ್‌ಎಸ್ 1993ರಲ್ಲಿಯೂ, ಲಿನಕ್ಸಿನ ಎಕ್ಸ್‌ಟ್-3 2001ರಲ್ಲಿಯೂ, ಎಕ್ಸ್‌ಟ್-4 2008ರಲ್ಲಿಯೂ ಈ ಕ್ರಮದೊಡನೆ ಬಳಕೆಗೆ ಬಂದವು.

ಆದರೆ ಕಿರ್ದಿಯಲ್ಲಿ ಯಾವುದು ಬರೆಯಲ್ಪಡುತ್ತದೆ ಎಂಬುದೇ ಮರ್ಮ. ಎಕ್ಸ್‌ಟ್-4ರಲ್ಲಿ ಮೂರು ಕ್ರಮಗಳಿವೆ. ‘ಆರ್ಡರ್ಡ್’ ಎಂಬುದು ಸಹಜವಾಗಿ ಇರುವ ಕ್ರಮ. ಇಲ್ಲಿ ಕಿರ್ದಿಗೆ ಹೋಗುವುದು ಕಡತದ ಲಕ್ಷಣಗಳು ಮಾತ್ರ, ಬರಹವಲ್ಲ. ಆದರೆ ಹೊಸ ಬರಹವು ಸ್ವಸ್ಥಾನವನ್ನು ಸೇರಿದ ಮೇಲೆಯೇ ಕಿರ್ದಿಗೆ ಗುರುತು ಬೀಳುತ್ತದೆ. ‘ರೈಟ್‌ಬ್ಯಾಕ್’ನಲ್ಲಿ ಈ ಅನುಕ್ರಮವೂ ಇಲ್ಲ, ವೇಗ ಹೆಚ್ಚು, ಅಪಘಾತದ ಬಳಿಕ ಹೊಸ ಕಡತದೊಳಗೆ ಎಂದೋ ಅಳಿಸಿದ ಹಳೆಯ ಬರಹ ಕಾಣಿಸಬಹುದು. ‘ಜರ್ನಲ್’ ಕ್ರಮದಲ್ಲಿ ಬರಹವೂ ಮೊದಲು ಕಿರ್ದಿಯ ಮೂಲಕವೇ ಹೋಗುತ್ತದೆ; ಎರಡು ಬಾರಿ ಬರೆಯುವುದರಿಂದ ನಿಧಾನ. ಒಟ್ಟಿನಲ್ಲಿ, ಸಹಜ ಕ್ರಮದಲ್ಲಿ ಕಿರ್ದಿಯು ಕಪಾಟಿನ ವ್ಯವಸ್ಥೆಯನ್ನು ಕಾಯುತ್ತದೆಯೇ ಹೊರತು ಪುಟದ ಅಕ್ಷರವನ್ನಲ್ಲ. ‘ಉಳಿಸು’ ಎಂದ ಕ್ಷಣವೇ ಬರಹ ಡಿಸ್ಕಿಗೆ ಇಳಿಯಿತೆಂಬ ನಂಬಿಕೆಯೂ ಸಲ್ಲದು. ಕಿರ್ದಿಗೆ ಗುರುತು ಬೀಳುವುದು ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ. ಕೂಡಲೇ ಬರೆಯೆಂದು ತಂತ್ರಾಂಶವು ಕೇಳದಿದ್ದರೆ ಬರಹವು ಸುಮಾರು 30 ಸೆಕೆಂಡುಗಳವರೆಗೆ ಯಂತ್ರದ ಸ್ಮೃತಿಯಲ್ಲಿಯೇ ಇದ್ದೀತು. ಕೈಚೀಲದಲ್ಲಿ ಊರೂರು ತಿರುಗುವ ಪೆನ್‌ಡ್ರೈವುಗಳಲ್ಲಿ ಸಾಮಾನ್ಯವಾಗಿ ಇರುವ ‘ಫ್ಯಾಟ್’ ಪದ್ಧತಿಗಂತೂ ಕಿರ್ದಿಯೇ ಇಲ್ಲ.

ಯಾವ ಕ್ರಮವನ್ನು ಆರಿಸಿದೆ, ಏಕೆ, ಎಂದಿನಿಂದ ಎಂಬುದನ್ನು ಬರೆದಿಡುವುದು ಬಹುಮಟ್ಟಿಗೆ ಉಪೇಕ್ಷಿತವಾದ ಕಾರ್ಯ. ಹರಪನಹಳ್ಳಿಯ ನಿದರ್ಶನವನ್ನು ನೋಡಬಹುದು. ಆ ತಾಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಹೀಗಾಗಿ ಒಂದೇ ಊರಿನ ಅಣ್ಣತಮ್ಮಂದಿರ ವರ್ಗಾವಣೆ ಪತ್ರಗಳಲ್ಲಿ ಬೇರೆಬೇರೆ ಜಿಲ್ಲೆಗಳಿದ್ದರೂ ಎಲ್ಲವೂ ಸರಿಯೇ. ಬದಲಾವಣೆಯ ತೇದಿಯನ್ನರಿಯದ ಗುಮಾಸ್ತನಿಗೆ ಒಂದು ತಪ್ಪಾಗಿ ಕಂಡು ತಿದ್ದಿಯೂ ಬಿಟ್ಟಾನು! ಗಣಕದ ಕ್ರಮಕ್ಕೂ ಇದೇ ನ್ಯಾಯ. ವೇಗಕ್ಕೆಂದು ಒಬ್ಬರು ‘ರೈಟ್‌ಬ್ಯಾಕ್’ ಇರಿಸಿ ವರ್ಗವಾಗಿ ಹೋದರೆ, ಮುಂದಿನವರಿಗೆ ಅದು ಗೊತ್ತಾಗುವುದು ದಾಖಲೆ ಕೆಟ್ಟ ಮೇಲೆ.

ಲಿನಕ್ಸಿನಲ್ಲಿ ಈ ಕ್ರಮಗಳನ್ನು ಬರೆಯುವ ‘ಎಫ್‌ಎಸ್‌ಟ್ಯಾಬ್’ ಎಂಬ ಕಡತದಲ್ಲಿ ‘ಹ್ಯಾಷ್’ ಚಿಹ್ನೆಯಿಂದ ಮೊದಲಾಗುವ ಸಾಲನ್ನು ಯಂತ್ರ ಓದುವುದಿಲ್ಲ. ಅದು ಮನುಷ್ಯರಿಗಾಗಿಯೇ ಇರುವ ಸಾಲು. ಕಾರಣವನ್ನೂ ತೇದಿಯನ್ನೂ ಅಲ್ಲಿ ಬರೆಯಬೇಕು. ಡಿಸ್ಕು ಕೆಟ್ಟರೆ ಆ ಸಾಲೂ ಹೋಗುವುದರಿಂದ, ಶಾಲೆಯ ರಟ್ಟಿನ ಪುಸ್ತಕದಲ್ಲಿಯೂ ಅದು ಇರತಕ್ಕದ್ದು. ಡಿಸ್ಕೇ ಸುಟ್ಟರೂ, ಕೈತಪ್ಪಿ ಅಳಿಸಿದರೂ ಕಿರ್ದಿಯಿಂದ ಪ್ರಯೋಜನವಿಲ್ಲ. ಬೇರೆ ಕಟ್ಟಡದಲ್ಲಿರಿಸಿದ ಪ್ರತಿಯೇ ಅಲ್ಲಿ ಗತಿ. ಪ್ರತಿವರ್ಷ ಶಾಲೆ ತೆರೆಯುವ ಮೊದಲು ಆ ಪ್ರತಿಯನ್ನು ಇನ್ನೊಂದು ಯಂತ್ರದಲ್ಲಿ ತೆರೆದು, ಹತ್ತಾರು ಜನ್ಮದಿನಾಂಕಗಳನ್ನು ಮೂಲ ಪುಸ್ತಕದೊಡನೆ ತಾಳೆ ನೋಡಲು ಒಂದು ಮಧ್ಯಾಹ್ನ ಸಾಕು.